ಜೆರ್ಡನ್ಸ್ ಕೋರ್ಸರ್

ಪೂರ್ವ ಘಟ್ಟಗಳ ಒಣ ತಪ್ಪಲಿನ ಕುರುಚಲು ಕಾಡಿಗೆ ಸೀಮಿತವಾದ, ಅಳಿವಿನ ಅಂಚಿನಲ್ಲಿರುವ ಹಕ್ಕಿ. ಗ್ಲಾರಿಯೋಲಿಡೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ನಾಮ ರೈನಾಪ್ಟಿಲಸ್ ಬೈಟಾರ್ಕ್ವೇಟಸ್. ತೆಲುಗಿನಲ್ಲಿ ಕಲಿವಿ ಕೋಡಿ. ಸುಮಾರು 27 ಸೆಂ.ಮೀ. ಉದ್ದ, ಕಂದು ಮೈ, ಎದೆಗೆ ಎರಡು ಪಟ್ಟಿ, ದೊಡ್ಡ ಕಣ್ಣು. ಹಗಲು ಪೊದೆಗಳ ಮರೆಯಲ್ಲಿದ್ದು, ಕತ್ತಲಾದ ಮೇಲೆ ನೆಲದ ಮೇಲೆ ಓಡಾಡಿ ಗೆದ್ದಲು, ಇರುವೆ ಮುಂತಾದ ಕೀಟಗಳನ್ನು ತಿನ್ನುತ್ತದೆ.

ಚರಿತ್ರೆ: ಮದರಾಸು ಸೇನೆಯ ವೈದ್ಯ ಟಿ.ಸಿ. ಜೆರ್ಡನ್ ಸಂಗ್ರಹಿಸಿದ ಈ ಹಕ್ಕಿಯನ್ನು ಕಲ್ಕತ್ತೆಯ ಎಡ್ವರ್ಡ್ ಬ್ಲೈತ್ 1848ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ. ಮುಂದೆ ಪೆನ್ನಾರ್ ಮತ್ತು ಗೋದಾವರಿ ಕಣಿವೆಗಳಿಂದ ಬೆರಳೆಣಿಕೆಯ ವರದಿಗಳು ಬಂದವು. 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ. ಆಮೇಲೆ ನಡೆದ ಹುಡುಕಾಟಗಳು ಬರಿಗೈಯಲ್ಲಿ ಮುಗಿದು, ಹಕ್ಕಿ ನಶಿಸಿತೆಂದೇ ಹಲವರು ಭಾವಿಸಿದರು.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಸ್ಥಳೀಯ ಬೇಟೆಗಾರರನ್ನು ವಿಚಾರಿಸುತ್ತ ಶೋಧ ನಡೆಸಿದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ ಬೇಟೆಗಾರನೊಬ್ಬ ರಾತ್ರಿ ಹೊತ್ತಿನಲ್ಲಿ ಇದನ್ನು ಜೀವಂತ ಹಿಡಿದ. ತಜ್ಞರಿಗೆ 86 ವರ್ಷ ಸಿಗದಿದ್ದ ಹಕ್ಕಿ ಹೀಗೆ ಊರಿನವರ ಕಾಡಿನ ಅರಿವಿನಿಂದ ದೊರೆಯಿತು.

ನಂತರದ ಸಂಶೋಧಕರು ಮಣ್ಣಿನ ಪಟ್ಟಿ ಹಾಸಿ ಹೆಜ್ಜೆಗುರುತು ಹುಡುಕಿದರು. ಮುಸ್ಸಂಜೆಯಲ್ಲಿ ಕೂಗನ್ನು ಆಲಿಸಿದರು. ತೀರ ದಟ್ಟವೂ ಅಲ್ಲದ, ತೀರ ಬೋಳೂ ಅಲ್ಲದ ಪೊದೆಗಾಡೇ ಇದಕ್ಕೆ ಬೇಕೆಂಬುದು ಹೀಗೆ ಖಚಿತವಾಯಿತು.

ಕರ್ನಾಟಕದ ನಂಟು: ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದ್ದ ಮೊಟ್ಟೆಯೊಂದು ಇದೇ ಹಕ್ಕಿಯದೆಂದು 2013ರಲ್ಲಿ ಡಿಎನ್‌ಎ ಪರೀಕ್ಷೆ ದೃಢಪಡಿಸಿತು. ಅದನ್ನು 1917ರಲ್ಲಿ ಸಂಗ್ರಹಿಸಿದ್ದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ. ಕನ್ನಡ ನಾಡಿನ ಕುರುಚಲಿನಲ್ಲೂ ಈ ಹಕ್ಕಿ ಗೂಡು ಮಾಡುತ್ತಿತ್ತು ಎನ್ನಲು ಇದು ಬಲವಾದ ಸಾಕ್ಷಿ.

ಸಂರಕ್ಷಣೆ: ಮರುಶೋಧದ ಬೆನ್ನಿಗೇ ಶ್ರೀ ಲಂಕಮಲ್ಲೇಶ್ವರ ವನ್ಯಧಾಮ ರೂಪುಗೊಂಡಿತು. ಹಕ್ಕಿಯ ನೆಲೆಗೆ ಕುತ್ತಾಗಿದ್ದ ತೆಲುಗು ಗಂಗಾ ಕಾಲುವೆಯ ಮಾರ್ಗವನ್ನು ಬದಲಿಸಲಾಯಿತು. ಆದರೂ ಸೌದೆ ಕಡಿತ, ಗಣಿಗಾರಿಕೆ, ತೋಟಗಳ ವಿಸ್ತರಣೆ ಈ ಕಾಡನ್ನು ಕರಗಿಸುತ್ತಿವೆ. ಕುರುಚಲು ಕಾಡನ್ನು ಪಾಳುನೆಲವೆಂದು ಎಣಿಸುವ ರೂಢಿಯೇ ಎಲ್ಲಕ್ಕಿಂತ ದೊಡ್ಡ ಅಪಾಯ. ಗಿಡ ನೆಟ್ಟು ಅದನ್ನು ದಟ್ಟ ಕಾಡಾಗಿಸಿದರೂ ಈ ಹಕ್ಕಿಗೆ ನೆಲೆ ತಪ್ಪುತ್ತದೆ.