ಕವಡೆ

ಸಂಸ್ಕೃತದ ‘ಕಪರ್ದ’ ಪ್ರಾಕೃತದಲ್ಲಿ ‘ಕವಡ್ಡ’ವಾಗಿ, ಕನ್ನಡದಲ್ಲಿ ‘ಕವಡೆ’ಯಾಯಿತು. ಕಪರ್ದವೆಂದರೆ ಜಡೆಗಟ್ಟಿದ ಕೂದಲೂ ಹೌದು. ಶಿವನಿಗೆ ಕಪರ್ದಿ ಎಂಬ ಹೆಸರು ಬಂದದ್ದು ಹಾಗೆ.

ಕವಡೆ ಒಂದು ಕಡಲ ಬಸವನಹುಳುವಿನ ಚಿಪ್ಪು. ಬೆನ್ನು ನುಣುಪು, ಹೊಟ್ಟೆ ಚಪ್ಪಟೆ, ನಡುವೆ ಸಾಲುಹಲ್ಲಿನ ಸೀಳುಬಾಯಿ. ಹುಳು ತನ್ನ ಮೈಯ ಮೆತ್ತನೆಯ ಪದರವನ್ನು ಚಿಪ್ಪಿನ ಮೇಲೆ ಹೊದ್ದುಕೊಂಡೇ ಬದುಕುವುದರಿಂದ ಆ ಹೊಳಪು. ಹಣವಾಗಿ ಚಲಾವಣೆಗೊಂಡದ್ದು ಮುಖ್ಯವಾಗಿ ಹಳದಿ ಛಾಯೆಯ ಪುಟ್ಟ ಜಾತಿ. 1758ರಲ್ಲಿ ಲಿನೇಯಸ್ ಅದಕ್ಕೆ ‘ಮೊನೆಟಾ’ ಎಂದೇ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ನಾಣ್ಯ ಎಂದರ್ಥ. ಮಾಲ್ಡೀವ್ಸ್‌ನಿಂದ ಹಡಗು ತುಂಬಿ ಬಂದ ಕವಡೆ ಬಂಗಾಳದಲ್ಲಿ 19ನೇ ಶತಮಾನದ ಆರಂಭದವರೆಗೂ ಚಿಲ್ಲರೆಯಾಗಿ ನಡೆಯಿತು. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಇದೇ ಚಿಪ್ಪು ಕೊಟ್ಟು ಮನುಷ್ಯರನ್ನೂ ಕೊಂಡರು.

ಚಿಲ್ಲರೆಯಲ್ಲೂ ತೀರಾ ಕೆಳಗಿನದಾದ್ದರಿಂದ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಬೈಗುಳ. ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ಮಾತ್ರ ಅದಕ್ಕೆ ಬೇರೆಯೇ ಬೆಲೆ. ಕವಡೆ ಹಾಕಿ ಭವಿಷ್ಯ ಹೇಳುವವರೂ ಇದ್ದಾರೆ. ನನಗೆ ಚೌಕಾಬಾರದ ಕವಡೆಯ ಮೇಲೇ ಹೆಚ್ಚು ನಂಬಿಕೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಬಾರ.