ಸಂತೆಮರಹಳ್ಳಿ ಪ್ರಾಂತದ ರೇಷ್ಮೆ ಬಿಚ್ಚಾಣಿಕೆ: ಸ್ವಯಂಚಾಲನೆಯ ಇತಿಹಾಸಕ್ಕೊಂದು ಟಿಪ್ಪಣಿ

ಕೈಗಾರಿಕೆಯ ಇತಿಹಾಸವನ್ನು ಕುರಿತು ಬರೆಯುವವರು ಈಚೆಗೆ 'ನಾಲ್ಕನೆಯ ಕ್ರಾಂತಿ' ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಿದ್ದಾರೆ. ಯಂತ್ರಗಳಿಗೆ ಸಂವೇದಕಗಳನ್ನು ಅಳವಡಿಸಿ, ಅವನ್ನು ಅಂತರಜಾಲದ ಮೂಲಕ ಒಂದಕ್ಕೊಂದು ಜೋಡಿಸಿ, ಉತ್ಪಾದನೆಯ ನಿರ್ಧಾರಗಳನ್ನು ಗಣಕಕ್ಕೆ ಒಪ್ಪಿಸುವ ಪದ್ಧತಿ ಇದು. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಇದು 'ಇಂಡಸ್ಟ್ರಿ 4.0' ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. ಉದಾಹರಣೆಗಳನ್ನು ಮಾತ್ರ ಬಹುಮಟ್ಟಿಗೆ ಮೋಟಾರು ಕಾರ್ಖಾನೆಗಳಿಂದಲೇ ಆರಿಸುತ್ತಾರೆ. ನಾವು ಚಾಮರಾಜನಗರ ತಾಲ್ಲೂಕಿನ ಸಂತೆಮರಹಳ್ಳಿಯ ಕಡೆಗೆ ನೋಡಬಯಸುತ್ತೇವೆ. 2004ರ ವಿಧಾನಸಭಾ ಚುನಾವಣೆ ಒಂದೇ ಮತದ ಅಂತರದಲ್ಲಿ ತೀರ್ಮಾನವಾದ ಕ್ಷೇತ್ರವೆಂದು ಈ ಊರನ್ನು ಹೊರಗಿನವರು ಬಲ್ಲರು. ಇಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆಯೊಂದು ಸ್ಥಾಪಿತವಾದ ಸಂಗತಿ ಅಷ್ಟು ಪ್ರಸಿದ್ಧವಲ್ಲ.

ಈ ಪ್ರಾಂತಕ್ಕೆ ರೇಷ್ಮೆ ಹೊಸತಲ್ಲ. ಪಶ್ಚಿಮದಲ್ಲಿ ಟೀಪುವಿನ ಕಾಲದಿಂದ ಹುಳು ಸಾಕಿದ ಮೈಸೂರು ಸೀಮೆ. ಪೂರ್ವದಲ್ಲಿ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆ ಪ್ರಾಂತ್ಯದ ರೇಷ್ಮೆ ವ್ಯವಸಾಯಕ್ಕೆ ಮುಖ್ಯ ನೆಲೆಯಾಗಿದ್ದ ಕೊಳ್ಳೇಗಾಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಕಾಲಕ್ರಮದಲ್ಲಿ ತಿರುಮಕೂಡಲು ನರಸೀಪುರ, ಮಾಂಬಳ್ಳಿ, ಸಂತೆಮರಹಳ್ಳಿ ಮೊದಲಾದೆಡೆ ಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಗಳು ಎದ್ದುವು. ಇಲ್ಲಿನ ಜನ ಅವನ್ನು 'ಫಿಲೇಚರ್' ಎಂದೇ ಕರೆಯುತ್ತ ಬಂದಿದ್ದಾರೆ. 1980ರಲ್ಲಿ ಸರ್ಕಾರಿ ರೇಷ್ಮೆ ಉದ್ಯಮವು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂದಿತು.

ಯಂತ್ರದ ಮಾತಿಗೆ ಮುಂಚೆ ಕೆಲಸದ ಸ್ವರೂಪವನ್ನು ತಿಳಿಯಬೇಕು. ಒಂದು ಗೂಡಿನ ಎಳೆ ಎರಡು ಮೂರು ಡೆನಿಯರ್‌ನಷ್ಟು ಸಣ್ಣದು. ಒಂಬತ್ತು ಸಾವಿರ ಮೀಟರ್ ನೂಲಿನ ತೂಕವನ್ನು ಗ್ರಾಮಿನಲ್ಲಿ ಹೇಳಿದರೆ ಅದು ಡೆನಿಯರ್. ಮಗ್ಗಕ್ಕೆ ಸಾಮಾನ್ಯವಾಗಿ ಬೇಕಾಗುವ 20ರಿಂದ 22 ಡೆನಿಯರ್‌ನ ನೂಲಿಗೆ ಎಂಟು ಹತ್ತು ಗೂಡುಗಳ ಎಳೆ ಕೂಡಬೇಕು. ತೊಡಕಿರುವುದು ಇಲ್ಲಿಯೇ. ಎಳೆಯ ತೋರ ಮೊದಲಿಂದ ಕೊನೆಯವರೆಗೆ ಒಂದೇ ಸಮನಲ್ಲ. ಗೂಡಿನ ಒಳಪದರಕ್ಕೆ ಇಳಿದಂತೆ ಅದು ತೆಳ್ಳಗಾಗುತ್ತದೆ. ಚರಕದಲ್ಲಿ ಒಬ್ಬರು ಚಕ್ರ ತಿರುಗಿಸಿದರೆ, ಇನ್ನೊಬ್ಬರು ಕುದಿಯುವ ನೀರಿನ ಬಾನೆಯ ಮುಂದೆ ಕುಳಿತು, ನೂಲು ಸೊರಗಿತೆಂದು ಕಂಡ ಕ್ಷಣದಲ್ಲಿ ಹೊಸ ಗೂಡಿನ ಎಳೆಯನ್ನು ಎಸೆದು ಕೂಡಿಸುತ್ತಿದ್ದರು. ಕಾಟೇಜ್ ಬೇಸಿನ್ ಬಂದಾಗ, ಮುಂದೆ ಹೆಚ್ಚು ನೂಲುಗಳನ್ನು ಒಟ್ಟಿಗೆ ಸುತ್ತುವ ಯಂತ್ರಗಳು ಬಂದಾಗ, ಚಕ್ರ ತಿರುಗಿಸುವ ಶ್ರಮ ವಿದ್ಯುತ್ತಿಗೆ ಹೋಯಿತು, ಬಾನೆಯ ನೀರಿನ ಕಾವೂ ಇಳಿಯಿತು. ಆದರೆ ಗೂಡನ್ನು ಯಾವಾಗ ಕೂಡಿಸಬೇಕೆಂಬ ನಿರ್ಧಾರ ಹೆಣ್ಣುಮಕ್ಕಳ ಕಣ್ಣಿನಲ್ಲಿಯೂ ಬೆರಳಿನಲ್ಲಿಯೂ ಉಳಿಯಿತು. ಅವರಿಗೆ ಹೇಳಿದ್ದು ಗೂಡುಗಳನ್ನು ಎಣಿಸಿರೆಂದು. ಒಳ್ಳೆಯ ಕೆಲಸಗಾರ್ತಿ ಎಣಿಕೆಯನ್ನು ಮೀರಿ ತೋರವನ್ನೇ ಗ್ರಹಿಸುತ್ತಿದ್ದಳು. ಮಜೂರಿಯ ಲೆಕ್ಕದಲ್ಲಿ ಈ ವಿವೇಚನೆಗೆ ಪ್ರತ್ಯೇಕ ಕಲಮು ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

1950ರ ದಶಕದಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರವು ಕಸಿದುಕೊಂಡದ್ದು ಈ ಗ್ರಹಿಕೆಯನ್ನು. ಅದು ಗೂಡುಗಳನ್ನು ಎಣಿಸುವುದಿಲ್ಲ. ನೂಲು ಎರಡು ಗಾಜಿನ ಬಿಲ್ಲೆಗಳ ನಡುವಣ ಕಿರಿದಾದ ಸಂದಿಯಲ್ಲಿ ಉಜ್ಜಿಕೊಂಡು ಹಾಯುತ್ತದೆ. ನೂಲು ತೆಳ್ಳಗಾದರೆ ಉಜ್ಜಾಟ ಕಡಿಮೆಯಾಗುತ್ತದೆ, ಬಿಲ್ಲೆಯನ್ನು ಹಿಡಿದ ಸನ್ನೆ ಜಾರುತ್ತದೆ, ಆ ಸೂಚನೆಯ ಮೇಲೆ ಹೊಸ ಗೂಡು ತಾನಾಗಿ ಬಂದು ಸೇರುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡಲು ಅಳವಡಿಸಿದ ಗವರ್ನರಿನ ತತ್ತ್ವವೇ ಇದು: ಫಲವನ್ನು ಅಳೆದು, ಆ ಅಳತೆಯಿಂದಲೇ ಕ್ರಿಯೆಯನ್ನು ತಿದ್ದುವುದು. ಇದರಲ್ಲಿ ಗಣಕವಿಲ್ಲ, ಅಂತರಜಾಲವಂತೂ ಇಲ್ಲ. ಆದುದರಿಂದ ಯಂತ್ರಕ್ಕೆ 'ಬುದ್ಧಿ' ಬಂದದ್ದು ಈ ಶತಮಾನದಲ್ಲಿ ಎಂಬ ಮಾತನ್ನು ರೇಷ್ಮೆಯ ಮಟ್ಟಿಗೆ ನಾವು ಒಪ್ಪಲಾರೆವು. ಕರ್ನಾಟಕಕ್ಕೆ ಇಂಥ ಯಂತ್ರಗಳು ಬಹುಪಾಲು ಚೀನದಿಂದ ಬಂದುವು. 400 ನೂಲುಗಳನ್ನು ಏಕಕಾಲದಲ್ಲಿ ಸುತ್ತುವ ಯಂತ್ರ ಇಂದು ಅಪರೂಪವಲ್ಲ.

ಯಂತ್ರದ ಬೇಡಿಕೆ ಕಾರ್ಖಾನೆಯ ಗೋಡೆಯೊಳಗೆ ನಿಲ್ಲಲಿಲ್ಲ. ಬೆರಳು ಎಂಥ ಗೂಡನ್ನಾದರೂ ಸಂಭಾಳಿಸುತ್ತಿತ್ತು. ಯಂತ್ರಕ್ಕೆ ಒಂದೇ ಗಾತ್ರದ, ಎಳೆ ಸುಲಭವಾಗಿ ಹರಿಯದ ದ್ವಿತಳಿ ಗೂಡು ಬೇಕು. ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಎಳೆ ಸುಮಾರು 400 ಮೀಟರ್ ಬಂದರೆ, ಒಳ್ಳೆಯ ದ್ವಿತಳಿಯಲ್ಲಿ ಸಾವಿರ ಮೀಟರನ್ನು ಮೀರುತ್ತದೆ. ಇಂಥ ತಳಿಗಳನ್ನು ನಮ್ಮ ಹವೆಗೆ ಒಗ್ಗಿಸುವ ಕೆಲಸವನ್ನು ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನಾಲಯವು ದಶಕಗಳ ಕಾಲ ನಡೆಸಿತು. ಹೊಸ ತಳಿಯ ಹುಳುವಿಗೆ ಹದವಾದ ಉಷ್ಣ ಮತ್ತು ತೇವ, ಶುಚಿಯಾದ ಪ್ರತ್ಯೇಕ ಮನೆ, ಪುಷ್ಟಿಯಾದ ಹಿಪ್ಪುನೇರಳೆ ಸೊಪ್ಪು ಬೇಕು. ಗಾಜಿನ ಬಿಲ್ಲೆಯೊಂದು ರೈತನ ಮನೆಯ ಕಟ್ಟಡವನ್ನೇ ಮಾರ್ಪಡಿಸಿತೆಂದರೆ ಅತಿಶಯೋಕ್ತಿಯಾಗಲಾರದು.

ಈಗ ಬಂದಿರುವ ಹೊಸತು ಜೋಡಣೆಯದು. 1959ರ ಕಾಯಿದೆಯನ್ವಯ ಗೂಡಿನ ವ್ಯಾಪಾರ ಸರ್ಕಾರದ ನಿಯಂತ್ರಣಕ್ಕೆ ಬಂದ ಮೇಲೆ, ರಾಮನಗರ, ಕೊಳ್ಳೇಗಾಲಗಳಂಥ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು ಕೂಗಿನ ಮೂಲಕ ನಡೆಯುತ್ತಿತ್ತು. ರಾಮನಗರದಲ್ಲಿ ಇಂದು ರೀಲರು ಮೊಬೈಲಿನಲ್ಲಿಯೇ ಬೆಲೆ ಕೂಗುತ್ತಾನೆ, ತೂಕ ಗಣಕದಲ್ಲಿ ದಾಖಲಾಗುತ್ತದೆ, ಹಣ ರೈತನ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಕೂಗಾಟ ಅಡಗಿದ ಮಾರುಕಟ್ಟೆ ಹಳಬರಿಗೆ ಸಪ್ಪೆಯಾಗಿ ತೋರೀತು. ತೂಕದ ಬಗೆಗಿನ ಜಗಳ ಕಡಿಮೆಯಾದದ್ದು ಲಾಭವೇ. ಸರಪಳಿಯ ಇನ್ನೊಂದು ಕೊನೆಯಲ್ಲಿ, ನಿಗಮದ ಪ್ರತಿಯೊಂದು ಸೀರೆಯಲ್ಲಿಯೂ ಗುರುತಿನ ಸಂಖ್ಯೆ ಇರುತ್ತದೆ.

ಆದರೆ ಈ ಎರಡು ಕೊನೆಗಳ ನಡುವೆ ಕೊಂಡಿ ಕಳಚಿದೆ. ಕಾರ್ಖಾನೆಯಲ್ಲಿ ಬೇಯಿಸುವ ಮೊದಲು ಹಲವು ರೈತರ ಗೂಡುಗಳನ್ನು ಬೆರೆಸುವುದು ವಾಡಿಕೆ. ನೂಲು ಸಮನಾಗಿ ಬರಲೆಂದೇ ಹೀಗೆ ಮಾಡುತ್ತಾರೆ. ಬೆರೆಸಿದೊಡನೆ, ಯಾರ ಗೂಡು ಎಷ್ಟು ಸಲ ಹರಿಯಿತು, ಎಷ್ಟು ನೂಲು ಕೊಟ್ಟಿತು ಎಂಬ ಲೆಕ್ಕ ಅಳಿಸಿಹೋಗುತ್ತದೆ. ಯಂತ್ರಕ್ಕೆ ಸಂವೇದಕಗಳನ್ನು ಎಷ್ಟೇ ಕೂಡಿಸಿದರೂ, ಬೆರೆತ ರಾಶಿಯ ಲೆಕ್ಕ ಸಂತೆಮರಹಳ್ಳಿಯ ಬೆಳೆಗಾರನನ್ನು ಮುಟ್ಟಲಾರದು. ರಾಶಿಗಳನ್ನು ಪ್ರತ್ಯೇಕವಾಗಿ ಬಿಚ್ಚಿದರೆ ಮುಟ್ಟೀತು, ನಿಜ; ಆಗ ಆ ಲೆಕ್ಕ ರೀಲರನ ಕೈಯಲ್ಲಿರಬೇಕೋ, ರೈತನ ಕೈಯಲ್ಲಿರಬೇಕೋ? ಮುಂದಿನ ಹರಾಜಿನಲ್ಲಿ ಬೆಲೆಯನ್ನು ಏರಿಸುವುದೂ ಇಳಿಸುವುದೂ ಅದೇ ಆದುದರಿಂದ ಈ ಪ್ರಶ್ನೆ ಸಣ್ಣದಲ್ಲ. ಅಂತರಜಾಲವನ್ನು ಹೊಗಳುವ ಬರಹಗಳು ಇದನ್ನು ಕೇಳುವುದು ಕಡಿಮೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲಿ ತುರ್ತಾದ ಕೆಲಸವೊಂದಿದೆ. ಯಂತ್ರದ ದಾಖಲೆ ಹೇಗಾದರೂ ಉಳಿದೀತು. ಬೇಸಿನ್ನಿನ ಮುಂದೆ ಕುಳಿತು ತೋರವನ್ನು ಬೆರಳಿನಿಂದ ತಿಳಿದವರ ದಾಖಲೆ ಕಡತಗಳಲ್ಲಿ ಹಾಜರಿ ಮತ್ತು ಮಜೂರಿಯನ್ನು ಮೀರಿ ಸಿಗಲಾರದು. ಮಾಂಬಳ್ಳಿ, ಸಂತೆಮರಹಳ್ಳಿ, ನರಸೀಪುರಗಳಲ್ಲಿ ಫಿಲೇಚರಿನ ಕೆಲಸ ಬಲ್ಲ ಹಿರಿಯ ಹೆಂಗಸರನ್ನು ಕಂಡು, ಅವರು ಕೆಲಸ ಕಲಿತ ಬಗೆ, ನೀರಿನ ಹದಕ್ಕೂ ಗೂಡಿನ ದೋಷಗಳಿಗೂ ಅವರಲ್ಲಿ ಬಳಕೆಯಲ್ಲಿದ್ದ ಮಾತುಗಳು, ಕೈಗೆ ಆದ ಬಾಧೆ, ಇವನ್ನು ಅವರ ನುಡಿಯಲ್ಲಿಯೇ ಬರೆದಿಡಬೇಕಾಗಿದೆ. ಮೊದಲ ಹಂತವಾಗಿ ಇಂಥ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು.