ಬೆಕ್ಕುಗಳ ಮೂಗಿನ ಶಿಲೀಂಧ್ರ ಸೋಂಕು: ಸಿ.ಟಿ. ಸ್ಕ್ಯಾನ್ ಮೂಲಕ ರೋಗನಿರ್ಣಯ

(ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ)

ರೋಗದ ಪರಿಚಯ:
ಬೆಕ್ಕುಗಳಲ್ಲಿ ನೆಗಡಿಯು ಹೆಚ್ಚಾಗಿ ವೈರಾಣುಗಳಿಂದ ಬರುತ್ತದೆ. ಆದರೆ ಔಷಧೋಪಚಾರದ ನಂತರವೂ ವಾರಗಟ್ಟಲೆ ಮುಂದುವರಿಯುವ ಸ್ರಾವಕ್ಕೆ ಶಿಲೀಂಧ್ರವೂ ಕಾರಣವಾಗಿರಬಹುದು. ಕ್ರಿಪ್ಟೊಕಾಕಸ್ ಮತ್ತು ಆಸ್ಪರ್ಜಿಲಸ್ ಇವುಗಳಲ್ಲಿ ಪ್ರಮುಖವಾದವು. ಮೊದಲನೆಯದು ಪಾರಿವಾಳದ ಹಿಕ್ಕೆ ಹಾಗೂ ಕೊಳೆತ ಮರದಲ್ಲಿ, ಎರಡನೆಯದು ಮಣ್ಣು, ಧೂಳು ಮತ್ತು ಬೂಷ್ಟು ಹಿಡಿದ ಹುಲ್ಲಿನಲ್ಲಿ ಕಂಡುಬರುತ್ತದೆ.

ಲಕ್ಷಣಗಳು:
1. ಒಂದು ಅಥವಾ ಎರಡೂ ಹೊಳ್ಳೆಗಳಿಂದ ಗಟ್ಟಿಯಾದ ಅಥವಾ ರಕ್ತಮಿಶ್ರಿತ ಸ್ರಾವ, ಪದೇ ಪದೇ ಸೀನು.
2. ಮೂಗಿನ ದಂಡೆಯ ಊತ, ಹೊಳ್ಳೆಯಲ್ಲಿ ಗಂಟು.
3. ಉಸಿರಾಟದಲ್ಲಿ ಗೊರಕೆಯ ಶಬ್ದ, ಕಣ್ಣು ಮುಂದಕ್ಕೆ ಚಾಚುವುದು.

ಸ್ಕ್ಯಾನ್ ಏಕೆ ಅಗತ್ಯ:
ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ತಲೆಯ ಎಲುಬುಗಳು ಒಂದರ ಮೇಲೊಂದು ಬೀಳುವುದರಿಂದ ಮೂಗಿನ ಒಳಭಾಗ ಸ್ಪಷ್ಟವಾಗುವುದಿಲ್ಲ. ಸಿ.ಟಿ. ಸ್ಕ್ಯಾನ್ ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ಪದರಗಳಲ್ಲಿ ಚಿತ್ರ ನೀಡುತ್ತದೆ. ಸುರುಳಿ ಎಲುಬು ಸವೆದಿರುವುದು, ಸೋಂಕು ಕಣ್ಣಿನ ಗೂಡಿಗೆ ಹಬ್ಬಿರುವುದು ಇದರಿಂದ ತಿಳಿಯುತ್ತದೆ. ಮೂಗು ಮತ್ತು ಮೆದುಳಿನ ನಡುವಿನ ಜರಡಿಯಂತಹ ಎಲುಬಿನ ಸ್ಥಿತಿ ಅತಿ ಮುಖ್ಯ. ಅದು ಒಡೆದಿದ್ದಲ್ಲಿ ಮೂಗಿನೊಳಗೆ ಹಾಕುವ ಔಷಧ ಮೆದುಳನ್ನು ತಲುಪುವ ಅಪಾಯವಿದೆ. ಮೆದುಳಿಗೆ ಸೋಂಕು ತಗುಲಿರುವ ಸಂಶಯವಿದ್ದಲ್ಲಿ ಎಂ.ಆರ್.ಐ. ಹೆಚ್ಚು ಉಪಯುಕ್ತ.

ಸ್ಕ್ಯಾನಿನ ಮಿತಿ:
ಸ್ಕ್ಯಾನ್ ಹಾನಿಯ ವ್ಯಾಪ್ತಿಯನ್ನು ತೋರಿಸುತ್ತದೆಯೇ ಹೊರತು ರೋಗಕಾರಕವನ್ನು ಖಚಿತಪಡಿಸುವುದಿಲ್ಲ. ಮೂಗಿನ ಕ್ಯಾನ್ಸರ್ ಗೆಡ್ಡೆಯೂ ಇದೇ ರೀತಿ ಕಾಣಬಹುದು. ಆದ್ದರಿಂದ ಅಂಗಾಂಶದ ಮಾದರಿಯ ಸೂಕ್ಷ್ಮದರ್ಶಕ ಪರೀಕ್ಷೆ ಹಾಗೂ ಶಿಲೀಂಧ್ರ ಕೃಷಿ ಪರೀಕ್ಷೆ ಅವಶ್ಯ. ಕ್ರಿಪ್ಟೊಕಾಕಸ್‌ಗೆ ರಕ್ತದ ಪ್ರತಿಜನಕ ಪರೀಕ್ಷೆಯೂ ನೆರವಾಗುತ್ತದೆ. ಮಾದರಿ ತೆಗೆದಾಗ ಆಗುವ ರಕ್ತಸ್ರಾವವು ಚಿತ್ರವನ್ನು ಮಸುಕುಗೊಳಿಸುವುದರಿಂದ ಸ್ಕ್ಯಾನ್ ಮೊದಲು, ಮಾದರಿ ಸಂಗ್ರಹ ನಂತರ ಎಂಬ ಕ್ರಮವನ್ನು ಪಾಲಿಸಲಾಗುತ್ತದೆ. ಎರಡಕ್ಕೂ ಅರಿವಳಿಕೆ ಬೇಕಾಗಿದ್ದು, ಸಾಧ್ಯವಿದ್ದಲ್ಲಿ ಒಂದೇ ಬಾರಿಗೆ ಮುಗಿಸುವುದರಿಂದ ಬೆಕ್ಕಿಗೆ ಎರಡನೇ ಅರಿವಳಿಕೆಯೂ ಮಾಲೀಕರಿಗೆ ಎರಡನೇ ಪ್ರಯಾಣವೂ ತಪ್ಪುತ್ತದೆ.

ಮಾಲೀಕರು ಅನುಸರಿಸಬೇಕಾದ ಕ್ರಮ:
1. ಮೊದಲಿಗೆ ಸಮೀಪದ ಪಶು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಹಲ್ಲಿನ ಬೇರಿನ ಸೋಂಕು ಹಾಗೂ ಮೂಗಿನಲ್ಲಿ ಸಿಕ್ಕಿಕೊಂಡ ವಸ್ತುವಿನ ಸಾಧ್ಯತೆಯನ್ನು ಪರಿಶೀಲಿಸಿಕೊಳ್ಳುವುದು.
2. ಹೆಚ್ಚಿನ ಪರೀಕ್ಷೆ ಅಗತ್ಯವಿದ್ದಲ್ಲಿ ಪಶುವೈದ್ಯರಿಂದ ಶಿಫಾರಸು ಪತ್ರ ಪಡೆಯುವುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ಅಥವಾ ಇತರ ಕೇಂದ್ರಕ್ಕೆ ತೆರಳುವ ಮುನ್ನ ಸ್ಕ್ಯಾನ್ ಲಭ್ಯತೆ, ದಿನಾಂಕ ಹಾಗೂ ಶುಲ್ಕವನ್ನು ವಿಚಾರಿಸಿಕೊಳ್ಳತಕ್ಕದ್ದು.
3. ಈವರೆಗೆ ನೀಡಿದ ಔಷಧಗಳ ಚೀಟಿ ಹಾಗೂ ರಕ್ತಪರೀಕ್ಷೆಯ ವರದಿಗಳನ್ನು ಒಯ್ಯುವುದು. ಅರಿವಳಿಕೆಗೆ ಮುನ್ನ ಎಷ್ಟು ಹೊತ್ತು ಆಹಾರ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದ ತಿಳಿಯುವುದು.

ಮುನ್ನೆಚ್ಚರಿಕೆ:
ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕವಾಗಿದ್ದು, ಮನೆಯಲ್ಲಿರುವ ಮಾತ್ರೆಗಳನ್ನು ನೀಡಬಾರದು. ಸ್ಟಿರಾಯ್ಡ್ ಔಷಧವು ಶಿಲೀಂಧ್ರ ಸೋಂಕನ್ನು ಉಲ್ಬಣಗೊಳಿಸಬಹುದು. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದಲ್ಲಿ ತುರ್ತು ಚಿಕಿತ್ಸೆ ಕೊಡಿಸುವುದು. ಚಿಕಿತ್ಸೆಯು ಹಲವು ತಿಂಗಳು ನಡೆಯುವುದರಿಂದ, ಬೆಕ್ಕು ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಸಲಹೆಯಿಲ್ಲದೆ ಔಷಧ ನಿಲ್ಲಿಸಬಾರದೆಂದು ಕೋರಲಾಗಿದೆ.